ಗೋಡೆಗೂ ಕಾಡಿಗೂ ಒಂದು ಮಚ್ಚು

ಮೊದಲಿಗೆ ಕ್ಷಮೆ ಕೇಳಿಕೊಳ್ಳುತ್ತೇನೆ. ನನ್ನಂಥದ್ದು ತನ್ನ ಕಥೆ ಹೇಳಲು ಹೊರಡುವುದು ಉದ್ಧಟತನವೇ ಸರಿ. ಪತ್ರಿಕೆಯಲ್ಲಿ ನನ್ನ ಜಾತಿಯ ಹೆಸರು ಬಂದರೆ ಅದು ಕೊಲೆಯ ಸುದ್ದಿಯಲ್ಲಿ, ಇಲ್ಲವೇ ಠಾಣೆಯ ಮೇಜಿನ ಮೇಲೆ ಸಾಲಾಗಿ ಇಟ್ಟು ತೆಗೆದ ಫೋಟೊದಲ್ಲಿ. ನಾನು ಅಂಥದ್ದಲ್ಲ ಎಂದು ಶುರುವಿನಲ್ಲೇ ಹೇಳಿಬಿಡಬೇಕೆಂದಿದ್ದೆ. ಆದರೆ ರಕ್ತದ ಮಾತು ನನ್ನ ಕಥೆಯಲ್ಲೂ ಒಂದು ಕಡೆ ಬರುತ್ತದೆ, ಆದ್ದರಿಂದ ಹಾಗೆ ಹೇಳುವ ಧೈರ್ಯವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಹೆಚ್ಚು ಕಡಿಮೆಯಾದರೆ ಮನ್ನಿಸಬೇಕು.

ನಾನು ಒಂದು ಮಚ್ಚು. ಹುಟ್ಟಿದ್ದು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಪಕ್ಕದ ಒಂದು ಕುಲುಮೆಯಲ್ಲಿ. ಅದಕ್ಕೆ ಮೊದಲು ನಾನು ಲಾರಿಯೊಂದರ ಕಮಾನು ಪಟ್ಟಿಯಾಗಿದ್ದೆ. ಕಬ್ಬು, ಕಲ್ಲು, ಹುಲ್ಲು, ಎಲ್ಲವನ್ನೂ ಹೊತ್ತಿದ್ದೆನಂತೆ. ಆ ದಿನಗಳು ನನಗೆ ನೆನಪಿಲ್ಲ. ಬೆಂಕಿಗೆ ಬಿದ್ದ ಮೇಲೆ ಹಳೆಯದೆಲ್ಲ ಮರೆತುಹೋಗುತ್ತದೆ.

ನನ್ನನ್ನು ಮಾಡಿದವರು ಮಹದೇವಾಚಾರಿ. ಅವರ ಹೆಂಡತಿ ಕಾಳಮ್ಮ ತಿದಿ ಒತ್ತುತ್ತಿದ್ದರು. ಕಬ್ಬಿಣ ಕೆಂಪಾದ ಕೂಡಲೇ ತಿದಿ ಬಿಟ್ಟು ಎದ್ದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಮ್ಮಟಿಗೆ ಎತ್ತುತ್ತಿದ್ದರು. ಗಂಡ ಸಣ್ಣ ಸುತ್ತಿಗೆಯಿಂದ ಎಲ್ಲಿ ತಟ್ಟುತ್ತಾರೋ ಅಲ್ಲಿ ಹೆಂಡತಿಯ ದೊಡ್ಡ ಏಟು ಬೀಳಬೇಕು. ಒಂದು ಏಟೂ ತಪ್ಪುತ್ತಿರಲಿಲ್ಲ. ಅವರಿಬ್ಬರೂ ಮನೆಯೊಳಗೆ ಮಾತಾಡಿಕೊಳ್ಳುತ್ತಿದ್ದರೋ ಇಲ್ಲವೋ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ ಮಾತ್ರ ದಿನವಿಡೀ ಹೀಗೆ ಮಾತಾಡಿಕೊಳ್ಳುತ್ತಿದ್ದರು.

ಆ ಪಟ್ಟಿಯನ್ನು ನಡುವೆ ತುಂಡರಿಸಿ ಎರಡು ಮಚ್ಚು ಮಾಡಿದರು. ಮೊದಲನೆಯದು ನಾನು. ಎರಡನೆಯದು ನನ್ನ ತಮ್ಮ. ಕಮಾನು ಪಟ್ಟಿಯ ನಡುವೆ ಬೋಲ್ಟು ಕೂರುವ ಒಂದು ತೂತು ಇರುತ್ತದೆ. ಅದು ನನ್ನ ಪಾಲಿಗೆ ಬಂತು. ಆಚಾರಿ ಬಡಿದು ಬಡಿದು ಅದನ್ನು ಮುಚ್ಚಿದರು, ಆದರೂ ಹಿಡಿಯ ಹತ್ತಿರ ಕಣ್ಣಿನ ಹಾಗೆ ಒಂದು ಸುರುಟು ಉಳಿಯಿತು. ತಮ್ಮನ ಮೈಯಲ್ಲಿ ಅಂಥದ್ದೇನೂ ಇರಲಿಲ್ಲ. ನನ್ನ ಹೊಟ್ಟೆಕಿಚ್ಚಿಗೆ ಮೊದಲ ಕಾರಣ ಇದೇ ಎಂದು ಕಾಣುತ್ತದೆ. ಇಷ್ಟು ಸಣ್ಣ ಕಾರಣವೇ ಎಂದು ನಗಬೇಡಿ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಸಣ್ಣ ಕಾರಣಗಳೇ ಸಾಕಾಗುತ್ತವೆ.

ಹದ ಹಾಕುವ ದಿನವೂ ಹಾಗೆಯೇ ಆಯಿತು. ಹದ ಎಂದರೆ ಮಚ್ಚಿಗೆ ಜೀವ ಬರುವ ಹೊತ್ತು. ಕೆಂಪಗೆ ಕಾದ ಅಲಗಿನ ಬಾಯಿಯನ್ನಷ್ಟೇ ನೀರಿಗೆ ಮುಟ್ಟಿಸಿ ಮೇಲೆತ್ತಬೇಕು. ಬೆನ್ನಿನಲ್ಲಿ ಉಳಿದ ಕಾವು ನಿಧಾನವಾಗಿ ಬಾಯಿಯ ಕಡೆ ಹರಿಯುತ್ತದೆ. ಅಲ್ಲಿ ಒಣಹುಲ್ಲಿನ ಬಣ್ಣ ಕಂಡ ಕ್ಷಣ ಇಡಿಯಾಗಿ ಮುಳುಗಿಸಬೇಕು. ಆ ಬಣ್ಣ ದಾಟಿ ನೀಲಿಗೆ ತಿರುಗಿತೋ, ಕೆಟ್ಟಿತು, ಅಲಗು ಮೆತ್ತಗಾಗುತ್ತದೆ. ನನಗೆ ಹದ ಸರಿಯಾಗಿಯೇ ಬಂತು. ಆಚಾರಿ ಉಗುರಿನಿಂದ ತಟ್ಟಿ ನೋಡಿ, "ಹೂಂ" ಎಂದು ಪಕ್ಕಕ್ಕಿಟ್ಟರು. ತಮ್ಮನನ್ನು ತಟ್ಟಿದಾಗ ಮಾತ್ರ ಹೆಂಡತಿಯನ್ನು ಕರೆದರು.

"ಬಾ ಇಲ್ಲಿ, ಕೇಳು ಇದ್ರ ದನಿಯ."

ಕಾಳಮ್ಮ ಕಿವಿಗೊಟ್ಟು ಕೇಳಿ, "ದೇವಸ್ಥಾನದ ಗಂಟ ಇದ್ದಂಗದ" ಎಂದರು.

ಪಕ್ಕದಲ್ಲಿದ್ದ ನನ್ನನ್ನು ಅವರು ಇನ್ನೊಂದು ಸಲ ತಟ್ಟಿ ನೋಡಲಿಲ್ಲ.

ಸರ್ವೇಯರ್ ಪಾರ್ಶ್ವನಾಥರು ಕುಲುಮೆಗೆ ಬಂದದ್ದು ಅದರ ಮುಂದಿನ ವಾರ. ಊರೂರಿಗೆ ಹೋಗಿ ಜಮೀನು ಅಳೆಯುವ ಸರ್ಕಾರಿ ಕೆಲಸ ಅವರದು. ತೆಳ್ಳಗಿನ ಆಳು, ಕನ್ನಡಕ, ಜೇಬಿನಲ್ಲಿ ಮೂರು ಪೆನ್ನು. ಜೊತೆಗೆ ಕೆಂಪಶೆಟ್ಟಿ ಇದ್ದ. ಅವನು ಅವರ ಚೈನ್‌ಮನ್, ಅಂದರೆ ಅಳತೆಯ ಸರಪಳಿ ಹಿಡಿಯುವವನು. ಐವತ್ತು ದಾಟಿದ ಗಟ್ಟಿ ಮನುಷ್ಯ.

"ಒಂದು ಮಚ್ಚು ಬೇಕಿತ್ತು ಆಚಾರ್ರೆ" ಎಂದರು ಪಾರ್ಶ್ವನಾಥರು. "ಗೋಡೆಗೂ ಆಗಬೇಕು, ಕಾಡಿಗೂ ಆಗಬೇಕು."

ಕಾಳಮ್ಮ ತಿದಿಯ ಹಿಂದಿನಿಂದಲೇ ಹೇಳಿದರು: "ಗೋಡ ಕಡಿಯಾಕ ಮಚ್ಚು ಯಾಕ್ ಸ್ವಾಮಿ? ಹಾರೆ ತಕ್ಕೊಳಿ."

ಕೆಂಪಶೆಟ್ಟಿ ನಕ್ಕ. ಪಾರ್ಶ್ವನಾಥರು ಮಾತ್ರ ಬಹಳ ಶ್ರದ್ಧೆಯಿಂದ ವಿವರಿಸಿದರು. ಅವರಿಗೆ ಮಚ್ಚು, ಕತ್ತಿ, ಕುಡುಗೋಲು ಕೂಡಿಡುವ ಹವ್ಯಾಸ. ವರ್ಗವಾಗಿ ಹೋದ ಪ್ರತಿ ತಾಲ್ಲೂಕಿನಿಂದ ಒಂದೊಂದು ತಂದು ಮನೆಯ ಗೋಡೆಗೆ ತೂಗುಹಾಕಿದ್ದಾರೆ. ಆದರೆ ಕೆಲಸ ಮಾಡದ ಅಲಗು ಯಾವುದೂ ಆ ಗೋಡೆಗೆ ಹೋಗುವಂತಿಲ್ಲ. ಒಂದು ಹಂಗಾಮು ಅವರ ಜೊತೆ ಹೊರಗೆ ತಿರುಗಿ, ಪೊದೆ ಕಡಿದು, ಗಟ್ಟಿ ಎನಿಸಿಕೊಂಡ ಮೇಲೆಯೇ ಅದಕ್ಕೆ ಮೊಳೆ.

"ಇನ್ನೊಂದು ಮಾತು" ಎಂದು ಸ್ವಲ್ಪ ಸಂಕೋಚದಿಂದ ಸೇರಿಸಿದರು. "ನಾವು ಜೈನರು. ನಮ್ಮ ತಾಯಿ ಮನೆಯಲ್ಲಿದ್ದಾರೆ. ರಕ್ತ ಕಂಡ ಅಲಗು ನಮ್ಮ ಗೋಡೆಗೆ ಬೇಡ. ಕೋಳಿದೂ ಆಗಬಾರದು."

"ನಮ್ಮಲ್ಲಿ ಹುಟ್ಟೋವಾಗ ಎಲ್ಲಾವೂ ಬೆಂಕಿ ನೀರು ಬಿಟ್ರ ಏನ್ನೂ ಕಂಡಿರಲ್ಲ ಸ್ವಾಮಿ" ಎಂದರು ಆಚಾರಿ. "ಆದ್ರ ಎರಡೂ ಒಂದ್ರಲ್ಲೇ ಬೇಕು ಅಂದ್ರ ಕಷ್ಟ. ಗೋಡೆಗ ಹೋಗೋದು ಅಂದವಾಗಿರಬೇಕು ಅಂತೀರಿ. ಕಾಡ್ಗ ಹೋಗೋದು ಸವೀಬೇಕು. ಸವೀದೆ ಇದ್ರ ಅದು ಕೆಲ್ಸ ಮಾಡಿಲ್ಲ ಅಂತ ಅರ್ಥ."

"ಅದಕ್ಕೇ ಆರಿಸಿಕೊಡಿ ಅನ್ನುತ್ತಿದ್ದೇನೆ."

ಆಗ ನಮ್ಮನ್ನೆಲ್ಲ ಗೋಣಿಚೀಲದ ಮೇಲೆ ಸಾಲಾಗಿ ಮಲಗಿಸಿದರು. ಪಾರ್ಶ್ವನಾಥರು ಆರಿಸಿದ ರೀತಿಯನ್ನು ಹೇಳಲೇಬೇಕು, ಏಕೆಂದರೆ ಅಷ್ಟು ಜಾಗರೂಕತೆಯಿಂದ ಯಾರೂ ನನ್ನನ್ನು ಅದುವರೆಗೆ ನೋಡಿರಲಿಲ್ಲ. ಒಂದೊಂದನ್ನೂ ಎತ್ತಿ ಬೆನ್ನಿನ ಮೇಲೆ ಒಂದು ಕಣ್ಣು ಮುಚ್ಚಿ ನೋಡಿದರು. ಡೊಂಕಿದ್ದವು ಅಲ್ಲೇ ಹೋದವು. ಅಲಗಿನ ಬಾಲ ಹಿಡಿಯೊಳಗೆ ಅರ್ಧ ಹೋಗಿದೆಯೋ ಪೂರ್ತಿ ಹೋಗಿದೆಯೋ ಎಂದು ಕೇಳಿದರು. ಅರ್ಧ ಹೋದದ್ದು ನಾಲ್ಕು ದಿನಕ್ಕೆ ಅಲ್ಲಾಡುತ್ತದೆ ಎಂದು ಅವರಿಗೆ ಗೊತ್ತಿತ್ತು. ಬೆನ್ನು ದಪ್ಪಗಿದ್ದು ಬಾಯಿಯ ಕಡೆಗೆ ಸಮನಾಗಿ ತೆಳುವಾಗಿದೆಯೇ ಎಂದು ಬೆರಳಲ್ಲಿ ಸವರಿದರು. ಕೊನೆಗೆ ನಾವಿಬ್ಬರೇ ಉಳಿದೆವು, ನಾನು ಮತ್ತು ತಮ್ಮ.

ಎರಡು ಬೆರಳಿನ ಮೇಲೆ ಅಡ್ಡಲಾಗಿ ಇಟ್ಟು ತೂಕ ನೋಡಿದರು. ತಕ್ಕಡಿಯ ಹಾಗೆ ತಮ್ಮ ನೆಟ್ಟಗೆ ನಿಂತ. ನನ್ನ ಮೂಗು ಕೆಳಗೆ ಬಾಗಿತು.

"ಇದು ಮುಂದೆ ಭಾರ" ಎಂದರು ಪಾರ್ಶ್ವನಾಥರು.

"ಕಡಿಯೋರ್ಗ ಅದೇ ಬೇಕು ಸ್ವಾಮಿ. ಏಟು ತಾನಾಗೇ ಬೀಳ್ತದ."

"ಇಲ್ಲೇನೋ ಕಲೆ ಇದೆಯಲ್ಲ?"

ಬೋಲ್ಟಿನ ತೂತಿನ ಗುರುತು! ಆಚಾರಿ ಏನೋ ಸಮಜಾಯಿಷಿ ಹೇಳಿದರು. ಅಷ್ಟರಲ್ಲಿ ಪಾರ್ಶ್ವನಾಥರು ತಮ್ಮನನ್ನು ಉಗುರಿನಿಂದ ತಟ್ಟಿದ್ದರು. ಆ ದನಿ ಕೇಳಿ ಅವರ ಮುಖದಲ್ಲಿ ಬಂದ ಬೆಳಕನ್ನು ನೋಡಿ ನನಗೆ ಇನ್ನೊಮ್ಮೆ ಕುಲುಮೆಗೆ ಬಿದ್ದ ಹಾಗಾಯಿತು.

ತಮ್ಮನನ್ನು ಕೊಂಡರು. ಕೆಂಪಶೆಟ್ಟಿ ನನ್ನನ್ನು ಎತ್ತಿ ಗಾಳಿಯಲ್ಲಿ ಒಮ್ಮೆ ಬೀಸಿ, "ನಂಗ ಇದಾಯ್ತದ ಸಾರ್. ಹಳೇದು ಸವೆದು ಬಾಚಣಿಗೆ ಆಗದ" ಎಂದ. ಹೀಗೆ ನಾನು ಅವನ ಪಾಲಾದೆ. ಆರಿಸಿದ ಮೇಲೆ ಉಳಿದದ್ದು ನಾನು. ಇದನ್ನು ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ.

ಹೊರಡುವಾಗ ಕಾಳಮ್ಮ ಮತ್ತೆ ಬಾಯಿ ಹಾಕಿದರು. "ಕೆಲ್ಸ ಮಾಡ್ದೆ ಇರೋದು ಗೋಡೆಗ ಹೋಗಲ್ಲ ಅಂದ್ರಲ್ಲ ಸ್ವಾಮಿ. ಹಂಗಾದ್ರ ಎರಡ್ನೂ ದುಡಿಸಿ ನೋಡಿ. ಯಾವ್ದು ಚೆಂದಾಗಿ ಮಾಡ್ತದೋ ಅದು ಹೋಗ್ಲಿ."

ಪಾರ್ಶ್ವನಾಥರು ನಿಂತು ಯೋಚಿಸಿದರು. ನ್ಯಾಯದ ಮಾತು ಕೇಳಿದರೆ ಅವರಿಗೆ ತಳ್ಳಿಹಾಕಲು ಆಗುತ್ತಿರಲಿಲ್ಲ. "ಆಗಲಿ ಅಮ್ಮ. ಒಂದು ಮೊಳೆ ಖಾಲಿ ಇದೆ. ಬೇಸಿಗೆ ಮುಗಿಯಲಿ, ಗೆದ್ದದ್ದು ಹೋಗಲಿ. ಕೆಳಗೆ ಚೀಟಿಯಲ್ಲಿ ಮಾಡಿದವರ ಹೆಸರು, ಬಳಸಿದವರ ಹೆಸರು ಎರಡೂ ಬರೆಯುತ್ತೇನೆ."

"ಗೆದ್ದಿದ್ದ ತನ್ನಿ, ನನ್ನ ಗುರುತು ಹಾಕ್ಕೊಡ್ತೀನಿ" ಎಂದರು ಆಚಾರಿ. ಅವರ ಗುರುತು ಮೂರು ಚುಕ್ಕೆ. ಅದನ್ನು ಅವರು ಯಾವ ಮಚ್ಚಿಗೂ ಸುಮ್ಮನೆ ಹಾಕುತ್ತಿರಲಿಲ್ಲ.

ಆಗ ನನ್ನ ಹಿಡಿಯ ಮೇಲೆ ಕೆಂಪಶೆಟ್ಟಿಯ ಮುಷ್ಟಿ ಬಿಗಿಯಾಯಿತು. ಇಪ್ಪತ್ತೆಂಟು ವರ್ಷ ಸರಪಳಿ ಹಿಡಿದವನ ಹೆಸರು ಯಾವ ನಕ್ಷೆಯ ಮೂಲೆಯಲ್ಲೂ ಬರುವುದಿಲ್ಲ. ಅಳೆದವರು ಎಂದು ಸಾಹೇಬರ ಸಹಿ ಮಾತ್ರ ಇರುತ್ತದೆ. ಆ ಮೊಳೆ ಅವನಿಗೂ ಬೇಕಾಗಿತ್ತು.

ಆಮೇಲೆ ನಾಲ್ಕು ತಿಂಗಳು ನಾವಿಬ್ಬರೂ ಒಂದೇ ಜೀಪಿನಲ್ಲಿ ತಿರುಗಿದೆವು. ಕಾಡಿನ ಅಂಚಿನ ಹಳ್ಳಿಗಳಲ್ಲಿ ಗಡಿ ತೋರಿಸುವ ಹಳೆಯ ಬಾಂದು ಕಲ್ಲು ಹುಡುಕುವುದು, ಒಂದು ಕಲ್ಲಿನಿಂದ ಇನ್ನೊಂದಕ್ಕೆ ನೋಟ ಸಿಗುವ ಹಾಗೆ ಪೊದೆ ಕಡಿಯುವುದು, ಇದೇ ಕೆಲಸ. ಲಂಟಾನ ಎಂಬ ಗಿಡವನ್ನು ಕಡಿದವರಿಗೇ ಗೊತ್ತು. ಇವತ್ತು ಕಡಿದರೆ ಮುಂದಿನ ವಾರ ನಗುತ್ತಾ ನಿಂತಿರುತ್ತದೆ. ಆ ಪೊದೆಯೆಲ್ಲ ನನ್ನ ಪಾಲು. ತಮ್ಮನೋ ಚರ್ಮದ ಒರೆಯಲ್ಲಿ ಸಾಹೇಬರ ಸೊಂಟದಲ್ಲಿ ಕೂತಿರುತ್ತಿದ್ದ. ನಾನು ಬೆಳಗಿನಿಂದ ದಾರಿ ಬಿಡಿಸಿದ ಮೇಲೆ ಪಾರ್ಶ್ವನಾಥರು ಬಂದು, ಕೊನೆಯ ನಾಲ್ಕು ಕೊಂಬೆಯನ್ನು ಅವನಿಂದ ಕಡಿದು, ಒರೆಸಿ, ಮತ್ತೆ ಒರೆಗೆ ಹಾಕುತ್ತಿದ್ದರು. ಅವರು ಮೋಸಗಾರರಲ್ಲ. ತಾವೂ ದುಡಿದೆವೆಂದೇ ನಂಬಿದ್ದರು. ಚಿಕ್ಕ ಪುಸ್ತಕದಲ್ಲಿ 'ಬಾಯಿ ಚೆನ್ನಾಗಿದೆ, ಕೈಗೆ ಆಯಾಸವಿಲ್ಲ' ಎಂದು ಬರೆದುಕೊಳ್ಳುತ್ತಿದ್ದರು. ಆಯಾಸ ಹೇಗಾಗುತ್ತದೆ? ಆಗಬೇಕಾದದ್ದೆಲ್ಲ ನನಗೆ ಆಗಿತ್ತು.

ಕೆಂಪಶೆಟ್ಟಿ ನನ್ನನ್ನು ಚೆನ್ನಾಗಿ ನೋಡಿಕೊಂಡ ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಸಂಜೆ ಕಲ್ಲಿನ ಮೇಲೆ ಮಸೆದು ಹರಳೆಣ್ಣೆ ಸವರುತ್ತಿದ್ದ. ಅವನ ಊರಿನಲ್ಲಿ ಮಾರಿಹಬ್ಬ ಬಂದಾಗ ಮರಿ ಕಡಿದ ಮೇಲೆ ತುಂಡು ಮಾಡಲು ಅವನ ಹೆಂಡತಿ ದೊಡ್ಡತಾಯಮ್ಮ ನನ್ನ ಮೇಲೆ ಕೈ ಹಾಕಿದಳು. ಅವನು ಓಡಿಬಂದು ಕಸಿದುಕೊಂಡ.

"ಇದ್ ಮುಟ್ಬ್ಯಾಡ. ಪಕ್ಕದ್ ಮನೇಲಿ ಇಸ್ಕೊಂಬಾ."

"ಯಾಕ, ಇದೇನ್ ಮಡಿ ಉಟ್ಕಂಡದಾ?" ಎಂದಳು ಅವಳು.

"ಹೂಂ, ಉಟ್ಕಂಡದ" ಎಂದ.

ಒಂದು ಭಾನುವಾರ ಸರಪಳಿ ತಲುಪಿಸಲು ಸಾಹೇಬರ ಮನೆಗೆ ಹೋದಾಗ ನನ್ನನ್ನೂ ತೆಗೆದುಕೊಂಡು ಹೋದ. ಹಜಾರದ ಬಾಗಿಲಿಗೆ ಒರಗಿಸಿಟ್ಟ. ಆಗ ನಾನು ಆ ಗೋಡೆಯನ್ನು ನೋಡಿದೆ. ಏಳು ಅಲಗುಗಳು. ಒಂದು ಅರ್ಧಚಂದ್ರದ ಹಾಗೆ ಬಾಗಿತ್ತು, ಒಂದಕ್ಕೆ ಕೊಂಬಿನ ಹಿಡಿ. ಪ್ರತಿಯೊಂದರ ಕೆಳಗೆ ಬಿಳಿ ಚೀಟಿ, ದುಂಡಗಿನ ಅಕ್ಷರ. ಕಿಟಕಿಯ ಬಿಸಿಲು ಅವುಗಳ ಮೇಲೆ ಸುಮ್ಮನೆ ಕೂತಿತ್ತು. ಎಂಟನೆಯ ಮೊಳೆ ಖಾಲಿ.

ಸಾಹೇಬರ ತಾಯಿ ಪದ್ಮಾವತಮ್ಮ ಕೆಂಪಶೆಟ್ಟಿಗೆ ಮಜ್ಜಿಗೆ ತಂದುಕೊಟ್ಟರು. ನನ್ನನ್ನು ನೋಡಿ, "ಇದು ಏನನ್ನಾದರೂ ಕೊಂದಿದೆಯೇನಪ್ಪ?" ಎಂದು ಕೇಳಿದರು. ಹವಾಮಾನ ವಿಚಾರಿಸುವಷ್ಟು ಸಹಜವಾಗಿ ಕೇಳಿದರು.

"ಇಲ್ಲ ಅಮ್ಮೋರೆ. ಗಿಡ ಬಿಟ್ರ ಏನ್ನೂ ಮುಟ್ಟಿಲ್ಲ."

"ಗಿಡಕ್ಕೂ ಜೀವ ಇದೆ. ಆದರೂ ಏನು ಮಾಡುವುದು, ಇವನ ಕೆಲಸವೇ ಹಾಗೆ" ಎಂದು ನಿಟ್ಟುಸಿರಿಟ್ಟು ಒಳಗೆ ಹೋದರು.

ಕೆಂಪಶೆಟ್ಟಿ ಮಜ್ಜಿಗೆ ಕುಡಿಯುತ್ತಾ ಒಂದೊಂದು ಚೀಟಿಯನ್ನೂ ಅಕ್ಷರ ಕೂಡಿಸಿ ಓದಿದ. ನಾವಿಬ್ಬರೂ ಆ ಖಾಲಿ ಮೊಳೆಯನ್ನೇ ನೋಡುತ್ತಾ ಕೂತೆವು.

ಯುಗಾದಿ ಕಳೆದ ಮೇಲೆ ಒಂದು ಜೋರು ಮಳೆ ಬಂತು. ಎಲ್ಲರೂ ನೆನೆದೆವು. ನನ್ನ ಮೈಗೆ ಎಣ್ಣೆ ಇತ್ತು. ತಮ್ಮ ಮಾತ್ರ ಒದ್ದೆ ಚರ್ಮದ ಒರೆಯಲ್ಲೇ ಎರಡು ದಿನ ಉಳಿದ. ತೆಗೆದಾಗ ಅವನ ಮೈತುಂಬ ಕಂದು ಚುಕ್ಕೆ. ಪಾರ್ಶ್ವನಾಥರ ಮುಖ ನೋಡಲಾಗಲಿಲ್ಲ. ಮಗುವಿಗೆ ಅಮ್ಮ ಬಂದಿದೆಯೆಂಬಂತೆ ಗಾಬರಿಯಾದರು. ಆಚಾರಿಯ ಹತ್ತಿರ ತೆಗೆದುಕೊಂಡು ಹೋಗಿದ್ದರೆ ಬೂದಿ ಹಾಕಿ ಉಜ್ಜಿಕೊಡುತ್ತಿದ್ದರು. ಆದರೆ ಆಚಾರಿಗೆ ತೋರಿಸಲು ಇವರಿಗೆ ನಾಚಿಕೆ. ಪೇಟೆಯಲ್ಲಿ ಪಾತ್ರೆಗಳಿಗೆ ಪಾಲೀಶ್ ಹಾಕುವ ಅಂಗಡಿಗೆ ಕೊಟ್ಟರು.

ಎರಡು ದಿನ ಬಿಟ್ಟು ಜೀಪಿನಲ್ಲಿ ತಮ್ಮ ಮತ್ತೆ ಕಂಡ. ಕನ್ನಡಿಯಾಗಿದ್ದ. ನನ್ನ ಮುಖ ಅವನಲ್ಲಿ ಕಾಣಿಸಿತು: ಕಪ್ಪು ಮೈ, ಗೀರುಗಳು, ಲಂಟಾನದ ಅಂಟು. ಅಷ್ಟು ಹತ್ತಿರದಿಂದ ನನ್ನನ್ನು ನಾನು ನೋಡಿಕೊಂಡದ್ದು ಅದೇ ಮೊದಲು. ನೋಡಬಾರದಿತ್ತು.

ಕೆಂಪಶೆಟ್ಟಿ ಅವನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಬಾಯಿಯ ಉದ್ದಕ್ಕೂ ಒಂದು ಬಣ್ಣ ಹರಡಿತ್ತು.

"ಇಲ್ಲಿ ನೀಲಿ ಬಂದದ ಸಾರ್."

"ಚೆನ್ನಾಗಿದೆ ಅಲ್ವಾ?" ಎಂದರು ಪಾರ್ಶ್ವನಾಥರು ಸಂತೋಷದಿಂದ. "ನವಿಲಿನ ಕುತ್ತಿಗೆ ಇದ್ದ ಹಾಗಿದೆ."

ಪಾಲೀಶ್ ಚಕ್ರದ ಉಜ್ಜುವಿಕೆಗೆ ಅಲಗು ಕಾದಿತ್ತು. ಹದ ಹೋಗಿತ್ತು. ನನಗೆ ಗೊತ್ತಾಯಿತು. ಕೆಂಪಶೆಟ್ಟಿಗೂ ಗೊತ್ತಾಯಿತೆಂದೇ ನನ್ನ ಅನಿಸಿಕೆ; ಎಷ್ಟೋ ಮಚ್ಚು ನೋಡಿದ ಕೈ ಅದು. ಅವನು ಬಾಯಿ ತೆರೆದ, ಏನೋ ಹೇಳಲು ಹೊರಟ. ಮತ್ತೆ ಮುಚ್ಚಿಕೊಂಡ. ತಮ್ಮನನ್ನು ಒರೆಗೆ ಸೇರಿಸಿ ಕೊಟ್ಟುಬಿಟ್ಟ. ಅವನ ಮೌನವನ್ನು ತೂಗುವ ಯೋಗ್ಯತೆ ನನಗಿಲ್ಲ, ಏಕೆಂದರೆ ನನಗೂ ಒಳಗೊಳಗೇ ಖುಷಿಯಾಗಿತ್ತು. ಸತ್ಯ ಹೇಳುತ್ತೇನೆ, ಹುಟ್ಟಿದ ಮೇಲೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ.

ಆ ಬೇಸಿಗೆಯ ಕೊನೆಯ ಕೆಲಸ ಹನೂರಿನ ಆಚೆ, ಗುಡ್ಡದ ಬುಡದ ಒಂದು ಗಡಿ. ಎರಡು ಬಾಂದು ಕಲ್ಲಿನ ನಡುವೆ ಒಣಗಿ ನಿಂತ ಕಗ್ಗಲಿ ಮರದ ಕೊಂಬೆಯೊಂದು ಅಡ್ಡ ಬಂದಿತ್ತು. ಒಣ ಕಗ್ಗಲಿ ಎಂದರೆ ಕಬ್ಬಿಣಕ್ಕೆ ಅಣ್ಣ. ಪಾರ್ಶ್ವನಾಥರು ಉತ್ಸಾಹದಲ್ಲಿದ್ದರು. ಹಂಗಾಮಿನ ಕೊನೆಯ ಕಡಿತ ತಮ್ಮದೇ ಆಗಲಿ ಎಂದು ತಮ್ಮನನ್ನು ಒರೆಯಿಂದ ಎಳೆದರು. ಮಿಂಚಿದ ಹಾಗಾಯಿತು. ಒಂದು ಏಟು. ಎರಡು. ಮೂರನೆಯದಕ್ಕೆ ದನಿ ಬದಲಾಯಿತು. ತೆಗೆದು ನೋಡಿದರೆ ಬಾಯಿ ಎಲೆಯ ಅಂಚಿನ ಹಾಗೆ ಮಡಚಿಕೊಂಡಿತ್ತು.

"ಆಚಾರಿ ಹೀಗೆ ಮಾಡಿಬಿಟ್ಟರಲ್ಲ ಕೆಂಪಶೆಟ್ಟರೆ" ಎಂದರು ಪಾರ್ಶ್ವನಾಥರು. ಅವರ ದನಿ ಅಳು ಬಂದ ಹಾಗಿತ್ತು.

"ಆಚಾರಿ ಅಂತೋರಲ್ಲ ಸಾರ್" ಎಂದ ಕೆಂಪಶೆಟ್ಟಿ. ಅಷ್ಟೇ ಹೇಳಿದ. ಪಾಲೀಶಿನ ಮಾತು ಎತ್ತಲಿಲ್ಲ.

"ನಿಮ್ಮದು ಕೊಡಿ."

ಹೀಗೆ ನಾನು ಮೊದಲ ಬಾರಿಗೆ ಅವರ ಕೈಗೆ ಹೋದೆ. ಮೆತ್ತಗಿನ ಅಂಗೈ, ಸ್ವಲ್ಪ ಬೆವರು. ಆ ಕೈಗಾಗಿ ನಾನು ನಾಲ್ಕು ತಿಂಗಳು ಉರಿದಿದ್ದೆ.

"ನಿಧಾನ ಸಾರ್. ಅದು ಮೂಗು ಭಾರ, ಮುಂದ್ಕ ಎಳೀತದ" ಎಂದ ಕೆಂಪಶೆಟ್ಟಿ. ಕಡಿತ ಬಾಯಿ ಬಿಡಲಿ ಎಂದು ಎಡಗೈಯಿಂದ ಕೊಂಬೆಯನ್ನು ಕೆಳಗೆ ಬಗ್ಗಿಸಿ ಹಿಡಿದ.

ಮೊದಲ ಏಟಿಗೆ ಚಕ್ಕೆ ಹಾರಿತು. ಎರಡನೆಯದಕ್ಕೆ ಅರ್ಧ ಕೊಂಬೆ ಒಳಗಿದ್ದೆ.

"ಆಹಾ! ಎಂಥ ಅಲಗು ನೋಡಿ ಇದು" ಎಂದರು ಪಾರ್ಶ್ವನಾಥರು. "ನಾನು ಆವತ್ತೇ ಇದನ್ನು ಆರಿಸಬೇಕಿತ್ತು."

ಈ ಮಾತನ್ನು ನಾನು ಕೇಳಿದೆ. ನೆಟ್ಟಗೆ, ನನ್ನ ಬಗ್ಗೆಯೇ, ಅವರ ಬಾಯಿಂದಲೇ. ಪಕ್ಕದ ಬಂಡೆಯ ಮೇಲೆ ಬಾಯಿ ಮಡಚಿಕೊಂಡು ಮಲಗಿದ್ದ ತಮ್ಮನೂ ಕೇಳಿರಬೇಕು.

ಮೂರನೆಯ ಏಟಿಗೆ ನಾನು ಕೊಂಬೆಯನ್ನು ದಾಟಿ ಹೋದೆ. ನಿಲ್ಲಲಿಲ್ಲ. ಕೆಂಪಶೆಟ್ಟಿಯ ಎಡಗೈ ಕಿರುಬೆರಳಿನ ಮೇಲಿನ ಗೆಣ್ಣು ಹೋಯಿತು.

ಅವನು ಕೂಗಲಿಲ್ಲ. "ಅವ್ವಾ" ಎಂದು ಮೆಲ್ಲಗೆ ಹೇಳಿ ಕೂತುಬಿಟ್ಟ. ಪಾರ್ಶ್ವನಾಥರು ನನ್ನನ್ನು ಎಸೆದರು. ತೊಟ್ಟಿದ್ದ ಬನಿಯನ್ ಹರಿದು ಅವನ ಕೈಗೆ ಸುತ್ತಿದರು. ಅವರು ಹಾಕಿದ ಗಂಟು ನಿಲ್ಲಲಿಲ್ಲ, ಕೆಂಪಶೆಟ್ಟಿಯೇ ಹಲ್ಲಿನಿಂದ ಬಿಗಿದುಕೊಂಡ. ಜೀಪು ಹೊರಟಿತು. ಹೊರಡುವ ಅವಸರದಲ್ಲೂ ಅಭ್ಯಾಸಬಲದಿಂದ ಪಾರ್ಶ್ವನಾಥರು ಬಂಡೆಯ ಮೇಲಿದ್ದ ತಮ್ಮನನ್ನು ಎತ್ತಿ ಒರೆಗೆ ಹಾಕಿಕೊಂಡಿದ್ದರು. ನಾನು ಲಂಟಾನದ ಬುಡದಲ್ಲಿ ಉಳಿದೆ.

ಮೂರು ದಿನ ಅಲ್ಲೇ ಬಿದ್ದಿದ್ದೆ. ಇರುವೆಗಳು ಬಂದು ನನ್ನ ಬಾಯಿಯ ಮೇಲೆ ಸಾಲು ಹಿಡಿದವು. ನನಗೆ ಆಗ ಕೆಂಪಶೆಟ್ಟಿಯ ನೋವು ನೆನಪಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ನೆನಪಾದದ್ದು, ತಮ್ಮನನ್ನು ಎತ್ತಿಕೊಂಡರು, ನನ್ನನ್ನು ಬಿಟ್ಟರು ಎಂಬುದು. ಇದನ್ನು ಹೇಳಲು ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಬೆಳಗ್ಗೆ ಕಾಲಿನ ಸದ್ದು ಕೇಳಿಸಿತು. ಕೆಂಪಶೆಟ್ಟಿ, ಎಡಗೈಗೆ ದಪ್ಪ ಬಿಳಿ ಬ್ಯಾಂಡೇಜು. "ಇಲ್ಲೇ ಇದ್ದೀಯಾ" ಎಂದ. ಬಲಗೈಯಲ್ಲಿ ನನ್ನನ್ನು ಎತ್ತಿ, ಹೊಂಗೆ ಎಲೆಯಿಂದ ಒರೆಸಿ, ಹೆಗಲಿಗೆ ಇಟ್ಟುಕೊಂಡ. ಬೈಯಲಿಲ್ಲ.

ಅಲ್ಲಿಂದ ನೇರವಾಗಿ ಸಾಹೇಬರ ಮನೆಗೆ ಹೋದ, ಆಸ್ಪತ್ರೆಯ ಚೀಟಿಗೆ ಅವರ ಸಹಿ ಬೇಕಿತ್ತು. ಪಾರ್ಶ್ವನಾಥರು ಹಜಾರದಲ್ಲೇ ಇದ್ದರು. ಕ್ಷೌರ ಮಾಡಿಕೊಂಡಿರಲಿಲ್ಲ. ಕೆಂಪಶೆಟ್ಟಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಅವನು ಕೂತೂ ಕೂರದ ಹಾಗೆ ಅದರ ತುದಿಯಲ್ಲಿ ಕುಳಿತ.

"ಕೆಂಪಶೆಟ್ಟರೆ, ನಾನು ನಿಶ್ಚಯ ಮಾಡಿದ್ದೇನೆ" ಎಂದರು. "ನಿಮ್ಮದನ್ನೇ ತೂಗುಹಾಕುತ್ತೇನೆ. ಗೆದ್ದದ್ದು ಅದೇ. ನಿಮ್ಮ ಹೆಸರನ್ನೂ ಬರೆಯುತ್ತೇನೆ."

ಪದ್ಮಾವತಮ್ಮ ಬಾಗಿಲಲ್ಲಿ ನಿಂತಿದ್ದರು. ಈ ಸಲ ಅವರು ಆ ಪ್ರಶ್ನೆ ಕೇಳಲಿಲ್ಲ. ಬ್ಯಾಂಡೇಜನ್ನು ನೋಡಿ, ಮಗನನ್ನು ನೋಡಿ, "ಅದು ಆಮೇಲೆ ಆಗಲಿ. ಮೊದಲು ಆತನಿಗೆ ಊಟಕ್ಕೆ ಎಲೆ ಹಾಕಲೇ?" ಎಂದರು.

ನಾನು ಬಾಗಿಲಿಗೆ ಒರಗಿ ನಿಂತು ಕಾಯುತ್ತಿದ್ದೆ. ಬಿಸಿಲು ಆ ಗೋಡೆಯ ಮೇಲಿತ್ತು. ಒಂದು ಮಾತು, ಕೆಂಪಶೆಟ್ಟಿಯ ಒಂದು 'ಹೂಂ' ಸಾಕಾಗಿತ್ತು.

ಅವನು ತುಂಬ ಹೊತ್ತು ಮೊಳೆಯನ್ನೇ ನೋಡಿದ. ಆಮೇಲೆ ತಲೆ ಕೆಳಗೆ ಹಾಕಿದ.

"ಬ್ಯಾಡ ಸಾರ್. ಅಮ್ಮೋರ್ ಗೋಡ ಅದು. ಆ ಪಾಲೀಶ್ ಹಾಕ್ಸಿದ್ದಕ್ಕ ಹದ ಹೋಗದ ಅಂತ ನಂಗ ಆವತ್ತೇ ಗೊತ್ತಿತ್ತು ಸಾರ್. ಹೇಳ್ನಿಲ್ಲ. ಹೇಳಿದ್ರ ನಿಮ್ಮದು ಆಚಾರಿ ತಾವ ಸರಿಯಾಗ್ತಿತ್ತು, ಇದು ನನ್ ಕೈ ಮ್ಯಾಲ ಬರ್ತಾನೂ ಇರ್ನಿಲ್ಲ. ನನ್ ಹೆಸ್ರು ಇಲ್ಲಿ ಬರ್ಲಿ ಅಂತ ಸುಮ್ನಿದ್ದೆ."

ಪಾರ್ಶ್ವನಾಥರು ಕನ್ನಡಕ ತೆಗೆದು ಒರೆಸಿಕೊಂಡರು.

"ಅದೂ ಅಲ್ದೆ ನಾಳ ಸೌದ ಕಡೀಬೇಕು" ಎಂದ ಕೆಂಪಶೆಟ್ಟಿ, ಸ್ವಲ್ಪ ನಗಲು ನೋಡುತ್ತಾ. "ಗೋಡೆಗ ಕೊಟ್ಟು ನಾ ಏನ್ ಹಲ್ಲಲ್ಲಿ ಕಡೀಲಾ?"

ಊಟ ಮಾಡಿ, ನನ್ನನ್ನು ಹೆಗಲಿಗಿಟ್ಟುಕೊಂಡು ಮನೆಗೆ ಬಂದ. ಆ ದಾರಿಯುದ್ದಕ್ಕೂ ನಾನು ಅವನನ್ನು ದ್ವೇಷಿಸಿದೆ. ಅವನು ಸತ್ಯ ಹೇಳಿದ್ದಕ್ಕೆ ಅವನ ಮೈ ಹಗುರವಾಗಿತ್ತು, ನಡಿಗೆಯಲ್ಲೇ ತಿಳಿಯುತ್ತಿತ್ತು. ಅವನ ಹಗುರಕ್ಕೆ ತೆತ್ತದ್ದು ನನ್ನ ಮೊಳೆ.

ಪಾರ್ಶ್ವನಾಥರು ತಮ್ಮನನ್ನು ತಾವೇ ಆಚಾರಿಯ ಹತ್ತಿರ ತೆಗೆದುಕೊಂಡು ಹೋದರಂತೆ. ಪಾಲೀಶ್ ಹಾಕಿಸಿದ್ದನ್ನು ಒಪ್ಪಿಕೊಂಡರಂತೆ. ಕಾಳಮ್ಮ ಬೈದರಂತೆ, ಆಮೇಲೆ ತಿದಿ ಒತ್ತಿದರಂತೆ. ಮಡಚಿದ ಬಾಯಿ ತೆಗೆದು, ಮತ್ತೆ ಬೆಂಕಿಗೆ ಹಾಕಿ, ಹೊಸದಾಗಿ ಹದ ಕೊಟ್ಟರು. ಒಂದು ಬೆರಳಿನಷ್ಟು ಅಗಲ ಕಡಿಮೆಯಾಯಿತು. ಪಾರ್ಶ್ವನಾಥರು ಆ ಮಳೆಗಾಲ ಪೂರ್ತಿ ತಾವೇ ಅವನನ್ನು ದುಡಿಸಿದರು, ಕೊನೆಯ ನಾಲ್ಕು ಕೊಂಬೆಗಲ್ಲ, ಮೊದಲಿನಿಂದ. ಕೈಯಲ್ಲಿ ಬೊಬ್ಬೆ ಬಂದವೆಂದು ಕೆಂಪಶೆಟ್ಟಿ ಮನೆಯಲ್ಲಿ ಹೇಳುತ್ತಿದ್ದ. ಆಮೇಲೆ ಆಚಾರಿ ಮೂರು ಚುಕ್ಕೆ ಹಾಕಿದರು. ಎಂಟನೆಯ ಮೊಳೆ ತುಂಬಿತು.

ಅದನ್ನು ನೋಡಲು ಕೆಂಪಶೆಟ್ಟಿ ಹೋದ. ನನ್ನನ್ನು ಕರೆದೊಯ್ಯಲಿಲ್ಲ. ಸಂಜೆ ಜಗಲಿಯ ಮೇಲೆ ಕೂತು ಹೆಂಡತಿಗೆ ಹೇಳಿದ್ದನ್ನು ನಾನು ಸೂರಿನಿಂದ ಕೇಳಿಸಿಕೊಂಡೆ.

"ಚೀಟೀಲಿ ಏನ್ ಬರ್ದವ್ರೆ ಗೊತ್ತಾ? ಮಾಡಿದವರು ಮಹದೇವಾಚಾರಿ, ಕಾಳಮ್ಮ. ಬಳಸಿದವರು ಪಾರ್ಶ್ವನಾಥ. ಅದ್ರ ಕೆಳ್ಗ, ದಾರಿ ಬಿಡಿಸಿಕೊಟ್ಟವರು ಕೆಂಪಶೆಟ್ಟಿ. ಮೂರು ಸಲ ಓದ್ದೆ."

ದೊಡ್ಡತಾಯಮ್ಮ ನನ್ನತ್ತ ಕೈ ತೋರಿಸಿದಳು. "ಬೆರಳು ತಿಂದದ್ದು ಇದ. ದುಡ್ದದ್ದೂ ಇದ. ನಿನ್ ಹೆಸ್ರು ಅದ್ರ ಕೆಳ್ಗಾ?"

"ಇರ್ಲಿ ಬುಡು" ಎಂದ ಕೆಂಪಶೆಟ್ಟಿ. ಅವನಿಗೆ ಅಷ್ಟೇ ಸಾಕಾಗಿತ್ತು. ನನ್ನವನ ಹೆಸರು ನನ್ನ ತಮ್ಮನ ಕೆಳಗೆ ತೂಗುತ್ತಿದೆ. ಅದರಲ್ಲಿ ನನ್ನ ಪಾಲು ಯಾವುದೆಂದು ಎಷ್ಟು ಯೋಚಿಸಿದರೂ ಲೆಕ್ಕಕ್ಕೆ ಸಿಗುವುದಿಲ್ಲ.

ಆಮೇಲೆ ಪಾರ್ಶ್ವನಾಥರು ನಿವೃತ್ತರಾಗಿ ಮೈಸೂರಿಗೆ ಹೋದರು. ಗೋಡೆಯ ಅಲಗುಗಳನ್ನೆಲ್ಲ ಹಳೆಯ ಪಂಚೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರಂತೆ. ಕೆಂಪಶೆಟ್ಟಿ ಸರಪಳಿ ಬಿಟ್ಟು ಮನೆಯಲ್ಲೇ ಇದ್ದಾನೆ. ನಾನು ಮಸೆದು ಮಸೆದು ಅರ್ಧವಾಗಿದ್ದೇನೆ. ಮೂಗು ಭಾರವೂ ಈಗಿಲ್ಲ, ಎರಡು ಬೆರಳಿನ ಮೇಲಿಟ್ಟರೆ ಬಹುಶಃ ನೆಟ್ಟಗೆ ನಿಲ್ಲುತ್ತೇನೆ. ಯಾರೂ ಇಟ್ಟು ನೋಡಿಲ್ಲ. ಸೌದೆ ಸೀಳುತ್ತೇನೆ, ತೆಂಗಿನ ಗರಿ ಸವರುತ್ತೇನೆ. ಹಬ್ಬದಲ್ಲಿ ಈಗ ನನ್ನನ್ನು ಮಾಂಸಕ್ಕೂ ಬಳಸುತ್ತಾರೆ, ಪಕ್ಕದ ಮನೆಗೆ ಹೋಗುವ ತಾಪತ್ರಯವಿಲ್ಲ. ಕೆಂಪಶೆಟ್ಟಿ ಮುಪ್ಪಿನ ಕೈಯಲ್ಲಿ, ಒಂಬತ್ತೂವರೆ ಬೆರಳಿನಲ್ಲಿ, ಇವತ್ತಿಗೂ ನನ್ನನ್ನು ಹಿಡಿದು ಕಲ್ಲಿನ ಮೇಲೆ ಮಸೆಯುತ್ತಾನೆ. ಅವನಿಗೆ ನನ್ನ ಮೇಲೆ ಸಿಟ್ಟಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಸವೆದಿದೆ, ನನ್ನ ಹಾಗೆಯೇ. ಪೂರ್ತಿ ಹೋಗಿಲ್ಲ.

ಒಂದು ಮಾತು ಮಾತ್ರ ಇಷ್ಟು ವರ್ಷವಾದರೂ ಬಗೆಹರಿದಿಲ್ಲ. ಆ ಮೂರನೆಯ ಏಟು. ಕೊಂಬೆ ಆಗಲೇ ಅರ್ಧ ಕಡಿದಿತ್ತು, ಪಾರ್ಶ್ವನಾಥರ ಕೈಗೆ ನನ್ನ ತೂಕ ಹೊಸದು, ಅವರು ಬೇಕಿದ್ದಕ್ಕಿಂತ ಜೋರಾಗಿ ಬೀಸಿದರು. ಹೀಗೆಂದರೆ ಎಲ್ಲವೂ ಸರಿಯಾಗಿ ಕೂಡುತ್ತದೆ. ಆದರೆ ಅವರು ನನ್ನನ್ನು ಹೊಗಳಿದ ಮರುಕ್ಷಣದ ಏಟು ಅದು. ಇನ್ನೂ ತೋರಿಸಬೇಕು, ಇನ್ನೂ ಚೆನ್ನಾಗಿ ತೋರಿಸಬೇಕು ಎಂಬ ಆಸೆ ನನ್ನ ಅಂಗುಲ ಅಂಗುಲದಲ್ಲೂ ಇತ್ತು. ಕಬ್ಬಿಣದ ಆಸೆ ಮನುಷ್ಯನ ತೋಳಿಗೆ ಮುಟ್ಟುತ್ತದೆಯೇ? ಅಲ್ಲಿ ಎಳೆದದ್ದು ಬರೀ ನನ್ನ ಭಾರವೇ, ಅಥವಾ ನಾನೇ? ಎಷ್ಟೋ ಸಲ ಆ ಏಟನ್ನು ಮೊದಲಿನಿಂದ ನೆನೆಸಿಕೊಂಡು ನೋಡಿದ್ದೇನೆ.

ನನಗೆ ಗೊತ್ತಿಲ್ಲ.